ಹುಬ್ಬಳ್ಳಿಗೆ ಒಯ್ಯುವ ಮುನ್ನ

ಹಾವೇರಿ ಜಿಲ್ಲೆಯ ಹಾನಗಲ್ಲಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ ಮನೆಯ ನಾಯಿ ಊಟ ಬಿಟ್ಟು ಮೂಲೆ ಹಿಡಿಯಿತೆಂದರೆ ಓಣಿಯವರು ಕೊಡುವ ಸಲಹೆ ಒಂದೇ: "ಇಲ್ಲೇನೈತ್ರೀ? ದನದ ದವಾಖಾನಿ ಐತಿ, ಅಷ್ಟ. ನಾಯಿ ನೋಡಾವ್ರು ಇಲ್ಲಿಲ್ಲ. ಹುಬ್ಬಳ್ಳಿಗೆ ಒಯ್ದುಬಿಡ್ರಿ." ಶಿಗ್ಗಾಂವಿಯಲ್ಲೂ ಸವಣೂರಿನಲ್ಲೂ ಇದೇ ಮಾತು. ಹೇಳುವವರಿಗೆ ಪ್ರಾಣಿಯ ಮೇಲೆ ಕನಿಕರವಿದೆ, ನಮ್ಮ ಮೇಲೆ ಕಾಳಜಿಯಿದೆ. ಆದರೂ ಈ ಸಲಹೆ ಬಹುಪಾಲು ತಪ್ಪು. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಬದುಕಬಹುದಾಗಿದ್ದ ಮರಿಗಳು ಇದನ್ನು ನಂಬಿದ್ದಕ್ಕೆ ದಾರಿಯಲ್ಲೇ ಸಾಯುತ್ತಿವೆ, ಅದಕ್ಕೇ ಬರೆಯಬೇಕಾಯಿತು.

ಈ ಸಲಹೆಯ ಹಿಂದೆ ಎರಡು ನಂಬಿಕೆಗಳಿವೆ. ದನ ನೋಡುವ ವೈದ್ಯರಿಗೆ ನಾಯಿ, ಬೆಕ್ಕು ತಿಳಿಯುವುದಿಲ್ಲ ಎಂಬುದು ಒಂದು. ನಂಬಿಕಸ್ಥ ಸೇವೆ ದೊಡ್ಡ ಊರಿನಲ್ಲೇ ಇರುತ್ತದೆ, ಸರಿಯಾದ ಹೆಸರೊಂದು ಯಾರಾದರೂ ಹೇಳಿದರೆ ಸಾಕು ಎಂಬುದು ಇನ್ನೊಂದು.

ಮೊದಲನೆಯದನ್ನು ನೋಡೋಣ. ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರು ಓದಿರುವುದು ಬಿ.ವಿ.ಎಸ್ಸಿ. ಅಂಡ್ ಎ.ಎಚ್. ಪದವಿ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ದೇಶಕ್ಕೆಲ್ಲ ಒಂದೇ ಪಠ್ಯಕ್ರಮ, ಅದನ್ನು ಗೊತ್ತುಮಾಡುವುದು ಭಾರತೀಯ ಪಶುವೈದ್ಯಕೀಯ ಪರಿಷತ್ತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಡಿ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲಿರುವ ಕಾಲೇಜುಗಳಲ್ಲಿ ಹಸುವಿನ ಜೊತೆ ಕುದುರೆ, ಕುರಿ, ಕೋಳಿ, ನಾಯಿ, ಬೆಕ್ಕು ಎಲ್ಲವನ್ನೂ ಓದಿ, ಕೈಯಾರೆ ನೋಡಿ, ಪರೀಕ್ಷೆ ಕೊಟ್ಟೇ ಹೊರಬರಬೇಕು. ಹುಬ್ಬಳ್ಳಿಯ ಹವಾನಿಯಂತ್ರಿತ ಕ್ಲಿನಿಕ್ಕಿನಲ್ಲಿ ಕೂತವರೂ ಹಾನಗಲ್ಲಿನ ಆಸ್ಪತ್ರೆಯಲ್ಲಿ ಕೂತವರೂ ಕಲಿತದ್ದು ಒಂದೇ ಬಗೆಯ ಬೆಂಚಿನ ಮೇಲೆ. ಮುಂದೆ ಸ್ನಾತಕೋತ್ತರ ಓದಿ ನಾಯಿಯ ಶಸ್ತ್ರಚಿಕಿತ್ಸೆಯಲ್ಲೇ ಪಳಗಿದವರು ಪಟ್ಟಣಗಳಲ್ಲಿ ಇದ್ದಾರೆ, ನಿಜ. ಅವರ ಅಗತ್ಯ ಬೀಳುವ ಕಾಯಿಲೆಗಳು ಬೇರೆ; ಆ ಮಾತಿಗೆ ಆಮೇಲೆ ಬರುತ್ತೇನೆ.

ಓದು ಒಂದೇ ಆದರೂ ರೂಢಿ ಒಂದೇ ಅಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ದಿನವಿಡೀ ಎಮ್ಮೆಯ ಕುತ್ತಿಗೆಯ ನರ ಹಿಡಿಯುವ ಕೈಗೆ ಎರಡು ಕಿಲೋ ತೂಗದ ಮರಿಯ ಕಾಲಿನ ನರ ಸಲೀಸಾಗಿ ಸಿಗಲಿಕ್ಕಿಲ್ಲ. ಆದರೆ ರೂಢಿ ಬರುವುದು ರೋಗಿ ಬಂದಾಗ. ನಾಯಿ ಸಾಕಿದವರೆಲ್ಲ ಹುಬ್ಬಳ್ಳಿ ಹಾದಿ ಹಿಡಿದರೆ ತಾಲ್ಲೂಕಿನ ವೈದ್ಯರ ಮುಂದೆ ನಾಯಿ ಬರುವುದೇ ಇಲ್ಲ. ಬಾರದಿದ್ದರೆ ಕೈ ಪಳಗುವುದಿಲ್ಲ. ಮಕ್ಕಳಿಗೆ ಬಳಸುವ ಸಣ್ಣ ಸೂಜಿಯ ಕ್ಯಾನುಲಾ, ನಾಯಿಯ ಲಸಿಕೆ, ವಾಂತಿ ನಿಲ್ಲಿಸುವ ಚುಚ್ಚುಮದ್ದು ತರಿಸಿಡಲು ಎದುರಿನ ಔಷಧದಂಗಡಿಗೂ ಕಾರಣ ಹುಟ್ಟುವುದಿಲ್ಲ. ಇಲ್ಲೇನೂ ಇಲ್ಲವೆಂಬ ಮಾತು ಹೀಗೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತಿದೆ.

ಪಾರ್ವೊ ಕಾಯಿಲೆಯನ್ನೇ ತೆಗೆದುಕೊಳ್ಳಿ. ಎರಡು ಮೂರು ತಿಂಗಳ ಮರಿಗೆ ಮೊದಲು ವಾಂತಿ, ಆಮೇಲೆ ಕೆಟ್ಟ ವಾಸನೆಯ ರಕ್ತಭೇದಿ. ಈ ವೈರಾಣುವನ್ನು ನೇರವಾಗಿ ಕೊಲ್ಲುವ ಮಾಮೂಲಿ ಔಷಧ ಹುಬ್ಬಳ್ಳಿಯಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಮರಿ ಸಾಯುವುದು ಮುಖ್ಯವಾಗಿ ಮೈಯ ನೀರು, ಲವಣ ಬರಿದಾಗಿ, ಕರುಳಿನ ಸೋಂಕು ರಕ್ತಕ್ಕೆ ಸೇರಿ. ಆದ್ದರಿಂದ ಚಿಕಿತ್ಸೆಯೆಂದರೆ ಸಲೈನ್ ಹನಿಸುವುದು, ವಾಂತಿ ತಡೆಯುವುದು, ಸೋಂಕಿಗೆ ಆ್ಯಂಟಿಬಯೋಟಿಕ್ ಕೊಡುವುದು, ಮೈ ಬೆಚ್ಚಗಿಡುವುದು. ಇಷ್ಟನ್ನೂ ನಾಲ್ಕೈದು ದಿನ ಬಿಡದೆ ಮಾಡುವುದು. ಭೇದಿ ಹತ್ತಿದ ಕರುವಿಗೆ ಹಾಕುವ ರಿಂಗರ್ ಲ್ಯಾಕ್ಟೇಟ್ ಬಾಟಲಿಯೇ ಮರಿಗೂ ಬೇಕಾದದ್ದು. ಪ್ರಮಾಣ ಮಾತ್ರ ಬೇರೆ.

ಇನ್ನು ಹುಬ್ಬಳ್ಳಿಯ ಲೆಕ್ಕ. ಹಾನಗಲ್ಲಿನಿಂದ ಅದು ಎಂಬತ್ತು ಕಿಲೋಮೀಟರಿಗೆ ಹತ್ತಿರ, ಹಿರೇಕೆರೂರಿನಿಂದ ನೂರು ದಾಟುತ್ತದೆ. ಭೇದಿ ಮಾಡುವ ನಾಯಿಯನ್ನು ಬಸ್ಸಿನಲ್ಲಿ ಒಯ್ಯಲಾಗದು, ಕಾರು ಗೊತ್ತು ಮಾಡಬೇಕು. ಬೆಳಿಗ್ಗೆ ಹೊರಡಬೇಕೆಂದವರು ಹೊರಡುವಾಗ ಮಧ್ಯಾಹ್ನವಾಗಿರುತ್ತದೆ, ಅಷ್ಟರಲ್ಲಿ ಮರಿಯ ಕಣ್ಣು ಒಳಗೆ ಹೋಗಿರುತ್ತದೆ. ಅಲ್ಲಿ ಒಂದು ದಿನ ಸಲೈನ್ ಹಾಕಿಸಿ, ಔಷಧ ಕಟ್ಟಿಸಿಕೊಂಡು ರಾತ್ರಿ ಊರಿಗೆ ಮರಳುತ್ತಾರೆ. ಮರುದಿನವೂ ಹನಿಸಬೇಕಾದ ಸಲೈನಿಗೆ ಮತ್ತೆ ನೂರಾರು ಕಿಲೋಮೀಟರು ಸುತ್ತುವವರು ಯಾರು? ಮೂರನೆಯ ದಿನಕ್ಕೆ ಮರಿ ತೀರಿಕೊಳ್ಳುತ್ತದೆ. ಆಗ ಹುಟ್ಟುವ ಮಾತು, "ಹುಬ್ಬಳ್ಳಿಗೆ ಒಯ್ದರೂ ಉಳಿಲಿಲ್ಲ." ತಾಲ್ಲೂಕು ಪೇಟೆಯಲ್ಲೇ ಇದ್ದು ದಿನಕ್ಕೆರಡು ಬಾರಿ ಸಲೈನ್ ಹಾಕಿಸಿದ್ದರೆ ಉಳಿಯುವ ಸಾಧ್ಯತೆ ಎಷ್ಟೋ ಹೆಚ್ಚಿತ್ತೆಂಬ ಮಾತು ಹುಟ್ಟುವುದೇ ಇಲ್ಲ. ಆರರಿಂದ ಎಂಟು ವಾರದ ವಯಸ್ಸಿಗೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಲಸಿಕೆ ಹಾಕಿಸಿದ್ದರೆ ಈ ಓಡಾಟವೇ ಬೇಡವಾಗಿತ್ತು.

ವಿಷದ ವಿಷಯದಲ್ಲಂತೂ ಮಾತು ತಿರುಗಿಯೇ ನಿಲ್ಲುತ್ತದೆ. ಈ ನಾಲ್ಕೂ ತಾಲ್ಲೂಕು ಗೋವಿನಜೋಳ, ಹತ್ತಿ, ಭತ್ತದ ಸೀಮೆ. ಹೊಲದಲ್ಲಿ ಔಷಧ ಹೊಡೆದ ದಿನ ಬದುವಿನಲ್ಲಿ ಅಡ್ಡಾಡಿದ ನಾಯಿ, ಹೊಡೆದ ಮೇವು ತಿಂದ ಆಕಳು ಇಲ್ಲಿ ಅಪರೂಪವಲ್ಲ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಮೈಗೇರಿದರೆ ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಸ್ನಾಯು ನಡುಗುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೆ ಅಟ್ರೋಪಿನ್ ಚುಚ್ಚಬೇಕು, ಅದೂ ತಡಮಾಡದೆ. ಇಂಥ ಪ್ರಕರಣಗಳನ್ನು ಪಟ್ಟಣದ ಸಾಕುಪ್ರಾಣಿ ಕ್ಲಿನಿಕ್ಕಿಗಿಂತ ಹೆಚ್ಚು ಕಂಡಿರುವವರು ತಾಲ್ಲೂಕು ಪಶು ಆಸ್ಪತ್ರೆಯವರು. ಹಾವು ಕಚ್ಚಿದ್ದಕ್ಕೂ ಇದೇ ಮಾತು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆ ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ ನಡೆಯುತ್ತದೆ. ಇಲ್ಲಿ ಕಿಲೋಮೀಟರು ಅಲ್ಲ, ನಿಮಿಷ ಎಣಿಸಬೇಕು.

ಪ್ರಾಣಿಯನ್ನು ಪ್ರೀತಿಯಿಂದ ಸಾಕಿ ಆರೈಕೆ ಮಾಡುವುದು ಪಟ್ಟಣದವರ ಹವ್ಯಾಸವೆಂದು ಬಗೆಯುವುದು ಈ ಸೀಮೆಗೆ ಮಾಡುವ ಅನ್ಯಾಯವೂ ಹೌದು. ದೀಪಾವಳಿಯ ಹಟ್ಟಿಹಬ್ಬದ ಹೊತ್ತಿಗೆ ಹಾವೇರಿ ಜಿಲ್ಲೆಯ ಹಳ್ಳಿಗಳಿಗೆ ಬಂದು ನೋಡಿ. ಕೊಬ್ಬರಿ ಕಟ್ಟಿ ಓಡಿಸುವ ಕೊಬ್ಬರಿ ಹೋರಿಗೆ ಹೆಸರಿದೆ, ಅಭಿಮಾನಿಗಳಿದ್ದಾರೆ, ಅದು ಸತ್ತರೆ ಊರೇ ಮೆರವಣಿಗೆ ಮಾಡಿ ಮಣ್ಣು ಕೊಡುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಕೋಟೆಯೊಳಗೆ ಖಿಲಾರಿ ತಳಿಯ ಸಂವರ್ಧನೆ ಸರ್ಕಾರದಿಂದಲೇ ನಡೆಯುತ್ತ ಬಂದಿದೆ. ಹೋರಿ ಕಟ್ಟಿದವನು ತನ್ನ ವೈದ್ಯರನ್ನು ಹೇಗೆ ಆರಿಸಿಕೊಳ್ಳುತ್ತಾನೆಂದು ಗಮನಿಸಿದರೆ ನಾಯಿ ಸಾಕಿದವರಿಗೆ ಕಲಿಯುವುದಿದೆ. ಯಾರ ಫಲಕ ದೊಡ್ಡದೆಂದು ಅವನು ನೋಡುವುದಿಲ್ಲ. ಗಾಯ ಹೊಲಿದವರು ಮರುದಿನ ಕರೆ ಮಾಡಿ ಕೇಳಿದರೇ, ಬಾವು ಬಂದಾಗ ಹಟ್ಟಿಗೆ ಬಂದರೇ, ತಿಳಿಯದಿದ್ದಾಗ "ಇದು ನನ್ನ ಕೈಯಲ್ಲಿಲ್ಲ, ಶಿವಮೊಗ್ಗಕ್ಕೆ ಒಯ್ಯಿರಿ" ಎಂದು ನೇರ ಹೇಳಿದರೇ ಎಂಬುದನ್ನು ನೋಡುತ್ತಾನೆ. 2022ರಲ್ಲಿ ಚರ್ಮಗಂಟು ರೋಗ ಈ ಜಿಲ್ಲೆಯನ್ನು ಬಲವಾಗಿ ಕಾಡಿದಾಗ ಹಟ್ಟಿ ಹಟ್ಟಿಗೆ ಹೋಗಿ ಮೇಕೆ ಸಿಡುಬಿನ ಲಸಿಕೆ ಹಾಕಿದವರು ಪಶುಪಾಲನಾ ಇಲಾಖೆಯ ಸಿಬ್ಬಂದಿ. ಆಗ ಅವರನ್ನು ನಂಬಿ ದನ ಒಪ್ಪಿಸಿದ ಮನೆಗಳೇ ನಾಯಿಗೆ ಜ್ವರ ಬಂದಾಗ ಅವರನ್ನು ನಂಬುವುದಿಲ್ಲವೆಂದರೆ ನನಗೆ ಬೇಸರವಾಗುತ್ತದೆ.

ಎರಡನೆಯ ನಂಬಿಕೆಗೆ ಬರೋಣ. ಒಳ್ಳೆಯ ಹೆಸರುಗಳ ಪಟ್ಟಿಯೊಂದಿದ್ದರೆ ಸಾಕುಪ್ರಾಣಿಯವರ ಕಷ್ಟ ಮುಗಿಯಿತೆಂದು ತಿಳಿದವರು ಮೊಬೈಲಿನಲ್ಲಿ ಕ್ಲಿನಿಕ್ಕುಗಳಿಗೆ ಜನ ಕೊಟ್ಟ ನಕ್ಷತ್ರ ಎಣಿಸುತ್ತಾರೆ. ಬೆಂಗಳೂರಿನಲ್ಲಿ ಬಡಾವಣೆಗೆ ಹತ್ತು ಕ್ಲಿನಿಕ್ಕುಗಳಿರುವಲ್ಲಿ ಪಟ್ಟಿಗೆ ಅರ್ಥವಿದೆ. ಸವಣೂರಿನಲ್ಲಿ ಆರಿಸಲು ಹತ್ತು ಜನರಿಲ್ಲ. ಇಲ್ಲಿ ಬೇಕಾದದ್ದು ಇರುವವರನ್ನು ಪರೀಕ್ಷಿಸಿ ನೋಡುವ ತಿಳಿವಳಿಕೆ.

ಪರೀಕ್ಷೆ ಕಷ್ಟವಲ್ಲ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ಪಶುವೈದ್ಯ ವೃತ್ತಿ ಮಾಡುವಂತಿಲ್ಲ. ಪ್ರತಿಯೊಬ್ಬ ವೈದ್ಯರಿಗೂ ನೋಂದಣಿ ಸಂಖ್ಯೆಯಿದೆ; ಅದನ್ನು ಕೇಳುವುದು ಅವಮಾನವಲ್ಲ, ಒಳ್ಳೆಯ ವೈದ್ಯರು ಚೀಟಿಯ ಮೇಲೆ ತಾವಾಗಿಯೇ ಬರೆಯುತ್ತಾರೆ. ವೈದ್ಯರಲ್ಲದೆ ಪಶುಸಂಗೋಪನಾ ಡಿಪ್ಲೊಮಾ ಮಾಡಿದವರಿದ್ದಾರೆ. ಶಿಗ್ಗಾಂವಿಯಲ್ಲೇ ಅಂಥ ಪಾಲಿಟೆಕ್ನಿಕ್ ಇದೆ. ಪ್ರಥಮ ಚಿಕಿತ್ಸೆ, ಗಾಯಕ್ಕೆ ಪಟ್ಟಿ, ವೈದ್ಯರು ಹೇಳಿದ ಚುಚ್ಚುಮದ್ದು ಕೊಡುವುದು ಅವರ ಕೆಲಸ. ಎಷ್ಟೋ ಹಳ್ಳಿಗಳಿಗೆ ಮೊದಲು ತಲುಪುವವರು ಅವರೇ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ರೋಗ ಗುರುತಿಸಿ ಔಷಧ ಗೊತ್ತುಮಾಡುವುದು, ಹೊಟ್ಟೆ ಕೊಯ್ಯುವುದು ವೈದ್ಯರ ಕೆಲಸ. ಇವರಿಬ್ಬರ ಆಚೆ, ಚೀಲದಲ್ಲಿ ಸಿರಿಂಜು ಇಟ್ಟುಕೊಂಡು ಯಾವ ಕಾಯಿಲೆಗೂ ಅದೇ ಸ್ಟಿರಾಯ್ಡ್ ಚುಚ್ಚುವ ಮೂರನೆಯವರೂ ತಿರುಗುತ್ತಾರೆ. ಚುಚ್ಚಿದ ಕೂಡಲೇ ನಾಯಿ ಎದ್ದು ಉಣ್ಣುವುದರಿಂದ ಅವರ ಹೆಸರು ಬೇಗ ಹಬ್ಬುತ್ತದೆ. ನಾಲ್ಕು ದಿನದ ಮೇಲೆ ಸೋಂಕು ಉಲ್ಬಣಿಸಿ ಅದೇ ನಾಯಿ ಮಲಗಿದಾಗ ಚುಚ್ಚಿದವರ ನೆನಪು ಯಾರಿಗೂ ಇರುವುದಿಲ್ಲ.

ಲಸಿಕೆಯಲ್ಲೂ ಹೀಗೆಯೇ. ಅದು ಸದಾ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಏಪ್ರಿಲ್ ಬಿಸಿಲಲ್ಲಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿಕೊಂಡು ಬೈಕಿನಲ್ಲಿ ತಂದ ಸೀಸೆಯಲ್ಲಿ ಲಸಿಕೆ ಸತ್ತಿರಬಹುದು, ನೋಡಿದರೆ ಗೊತ್ತಾಗುವುದಿಲ್ಲ. ಮಂಜುಗಡ್ಡೆ ಇಟ್ಟ ಡಬ್ಬಿಯಿಂದ ಸೀಸೆ ಹೊರಬಂತೇ, ಅವಧಿ ಮುಗಿದಿಲ್ಲವೇ, ಸೀಸೆಯ ಚೀಟಿಯನ್ನು ಕಾರ್ಡಿಗೆ ಅಂಟಿಸಿ ಸಹಿ ಹಾಕಿದರೇ ಎಂದು ಕಣ್ಣಾರೆ ನೋಡಿಕೊಳ್ಳಿ. ಯಾರು ಎಷ್ಟು ನಕ್ಷತ್ರ ಕೊಟ್ಟರೂ ಈ ಮೂರು ನೋಟಕ್ಕೆ ಸಮನಲ್ಲ.

ರೇಬಿಸ್ ಬಗ್ಗೆ ಇನ್ನಷ್ಟು ಹೇಳಬೇಕು, ಇಲ್ಲಿ ತಪ್ಪಿದರೆ ಸಾಯುವುದು ನಾಯಿ ಮಾತ್ರವಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿಯುವುದು ಇಲ್ಲವೆನ್ನುವಷ್ಟು ವಿರಳ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದಕ್ಕೆ ಬಲಿಯಾಗುತ್ತಾರೆಂಬುದು ಅಂದಾಜು; ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಭಾರತದಲ್ಲೇ. 2030ರ ಹೊತ್ತಿಗೆ ನಾಯಿಯಿಂದ ಬರುವ ರೇಬಿಸ್ ಸಾವನ್ನು ಇಲ್ಲವಾಗಿಸುವ ರಾಷ್ಟ್ರೀಯ ಯೋಜನೆ 2021ರ ಸೆಪ್ಟೆಂಬರ್ 28ರಂದು, ಲೂಯಿ ಪಾಶ್ಚರ್ ತೀರಿಕೊಂಡ ದಿನದಂದೇ, ಶುರುವಾಯಿತು. ಹುಚ್ಚುನಾಯಿಯೆಂದರೆ ಓಡಿಬಂದು ಕಚ್ಚುವುದೆಂದೇ ನಮ್ಮವರ ಕಲ್ಪನೆ. ಮೂಕ ರೇಬಿಸ್‌ನಲ್ಲಿ ಹಾಗಲ್ಲ: ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿದು, ಗಂಟಲಲ್ಲಿ ಎಲುಬು ಸಿಕ್ಕಂತೆ ಕಾಣುತ್ತದೆ. ಪ್ರೀತಿಯಿಂದ ಬಾಯೊಳಗೆ ಕೈ ಹಾಕಿ ನೋಡುವವರು ಮನೆಯವರೇ. ಆಕಳಿಗೆ ಬಂದಾಗಲೂ ಇದೇ ತಪ್ಪು ಆಗುತ್ತದೆ, ಮೇವು ಸಿಕ್ಕಿತೆಂದು ಮೊಣಕೈವರೆಗೆ ಕೈ ಇಳಿಸುತ್ತಾರೆ. ದನದಲ್ಲಿ ಇದನ್ನು ಕಂಡ ತಾಲ್ಲೂಕು ವೈದ್ಯರು ದೂರದಿಂದಲೇ "ಕೈ ಹಾಕಬ್ಯಾಡ್ರಿ" ಎನ್ನುತ್ತಾರೆ. ಆ ಒಂದು ಮಾತು ಒಂದು ಜೀವ ಉಳಿಸುತ್ತದೆ.

ಕಚ್ಚಿದ ಗಾಯಕ್ಕೆ ಸುಣ್ಣ, ಖಾರದ ಪುಡಿ ಹಚ್ಚುವ ಪದ್ಧತಿ ಇಂದಿಗೂ ಹೋಗಿಲ್ಲ. ಹರಿಯುವ ನೀರಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯುವುದಕ್ಕೆ ಮಿಗಿಲಾದ ಮನೆಮದ್ದು ಇಲ್ಲ. ಅದಾದ ಕೂಡಲೇ ತಾಲ್ಲೂಕು ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು. ಗಾಯ ಆಳವಾಗಿ ರಕ್ತ ಬಂದಿದ್ದರೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ಕಚ್ಚಿದ್ದು ಮನೆಯ ನಾಯಿಯಾದರೆ ಲಸಿಕೆಯನ್ನು ಶುರುಮಾಡಿಯೇ ಅದನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು. ಮೂರು ತಿಂಗಳ ವಯಸ್ಸಿಗೆ ನಾಯಿಗೆ ಮೊದಲ ರೇಬಿಸ್ ಲಸಿಕೆ, ವೈದ್ಯರು ಹೇಳಿದಂತೆ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಾಕಿದ ಪ್ರಾಣಿಯ ಲಸಿಕೆ, ಜಂತುಹುಳದ ಔಷಧ, ಸಂತಾನಹರಣದ ಹೊಣೆಯನ್ನು ಸಾಕಿದವರ ಮೇಲೆಯೇ ಹೊರಿಸಿವೆ.

ನಂಬಿಕೆಗೆ ತಕ್ಕವಲ್ಲದ ಎರಡು ಜಾಗಗಳಿಗೆ ನಾವು ಕಣ್ಣುಮುಚ್ಚಿ ಹೋಗುತ್ತೇವೆ. ಮೊದಲನೆಯದು ನಮ್ಮದೇ ಮಾತ್ರೆಯ ಡಬ್ಬಿ. ಬೆಕ್ಕಿಗೆ ಜ್ವರವೆಂದು ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ಐಬುಪ್ರೊಫೇನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಹಾಳುಮಾಡುತ್ತದೆ. ದನದ ಉಣ್ಣಿಗೆಂದು ತಂದ ಔಷಧವನ್ನು ಅಂದಾಜಿನಲ್ಲಿ ಬೆರೆಸಿ ನಾಯಿಗೆ ಹಚ್ಚುವುದೂ ಅಪಾಯ, ಪರ್ಮೆಥ್ರಿನ್ ಇರುವುದಂತೂ ಬೆಕ್ಕಿಗೆ ವಿಷ. ಎರಡನೆಯದು ಮರಿ ಮಾರುವವರು. ತಾಯಿ ಬಿಡಿಸಿ ತಿಂಗಳೂ ತುಂಬದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದು ಮಾರುತ್ತಾರೆ. 2017ರ ನಾಯಿ ತಳಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವುದೇ ನಿಷಿದ್ಧ. ಪಾರ್ವೊ ಮನೆಗೆ ಬರುವುದು ಎಷ್ಟೋ ಬಾರಿ ಈ ಪೆಟ್ಟಿಗೆಯಲ್ಲೇ. ತಳಿಯ ನಾಯಿಯೇ ಬೇಕೆಂದರೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಈ ಸೀಮೆಯ ಬಿಸಿಲಿಗೆ ಒಗ್ಗಿದ ಮುಧೋಳ ನಾಯಿಯನ್ನು ಬಿಟ್ಟು ಹಿಮದ ನಾಡಿನ ಹಸ್ಕಿಯನ್ನು ಏಕೆ ತರಬೇಕೋ ನನಗಂತೂ ಅರ್ಥವಾಗುವುದಿಲ್ಲ.

ಜಾತ್ರೆಗೋ ಮದುವೆಗೋ ಊರು ಬಿಟ್ಟಾಗ ನಾಯಿ ಇಟ್ಟುಕೊಳ್ಳುವ ವಸತಿ ಇಲ್ಲ ಎಂಬ ದೂರಿಗೆ ಹೆಚ್ಚು ಮಾತು ಬೇಡ. ಪಕ್ಕದ ಮನೆಯವರೇ ಆ ವಸತಿ. ಅವರ ಕೈಗೆ ಲಸಿಕೆಯ ಕಾರ್ಡನ್ನೂ ಕೊಟ್ಟು ಹೋದರಾಯಿತು.

ಇನ್ನು ನಿಜವಾದ ಕೊರತೆಗಳು. ತಾಲ್ಲೂಕು ಆಸ್ಪತ್ರೆಯ ವೈದ್ಯರು ಅರ್ಧ ದಿನ ಹಳ್ಳಿಗಳಲ್ಲಿರುತ್ತಾರೆ. ಕಾಲುಬಾಯಿ ಜ್ವರದ ಲಸಿಕೆಯ ಸುತ್ತು ನಡೆದಾಗ ಸಿಗುವುದೇ ಕಷ್ಟ. ಇಲಾಖೆಯಲ್ಲಿ ಹುದ್ದೆ ಖಾಲಿ ಬಿದ್ದಿರುವುದು ಹಳೆಯ ರೋಗ. 2024ರಲ್ಲಿ ಲೋಕಸೇವಾ ಆಯೋಗ ನಾನೂರು ಪಶುವೈದ್ಯಾಧಿಕಾರಿಗಳಿಗೆ ಅರ್ಜಿ ಕರೆದದ್ದೇ ಅದಕ್ಕೆ ಸಾಕ್ಷಿ. 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನ ಇರುವುದು ಮುಖ್ಯವಾಗಿ ಜಾನುವಾರುಗಳಿಗಾಗಿ. ಮುರಿದ ಎಲುಬಿಗೆ ಎಕ್ಸ್‌ರೇ, ರಕ್ತ ಪರೀಕ್ಷೆಯ ಯಂತ್ರ, ಹೊಟ್ಟೆಯ ಸ್ಕ್ಯಾನ್ ಬೇಕಾದಾಗ ಊರು ಬಿಟ್ಟೇ ಹೋಗಬೇಕು. ಆಗಲೂ ಹುಬ್ಬಳ್ಳಿಯೊಂದೇ ದಾರಿಯಲ್ಲ. ಹಿರೇಕೆರೂರಿನವರಿಗೆ ಶಿಕಾರಿಪುರದ ಮೇಲೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹುಬ್ಬಳ್ಳಿಗಿಂತ ಹತ್ತಿರ. ಸವಣೂರಿನಿಂದ ಲಕ್ಷ್ಮೇಶ್ವರದ ಹಾದಿಯಲ್ಲಿ ಗದಗಿಗೆ ಹೋದರೆ ಅಲ್ಲೂ ಕಾಲೇಜಿದೆ. ಕಾಲೇಜುಗಳಲ್ಲಿ ವಿಭಾಗಕ್ಕೊಬ್ಬ ಅಧ್ಯಾಪಕರಿದ್ದಾರೆ, ಕಲಿಯುವ ವಿದ್ಯಾರ್ಥಿಗಳಿದ್ದಾರೆ, ಚಿಕಿತ್ಸೆಯ ಕಾರಣವನ್ನು ಬಿಡಿಸಿ ಹೇಳುವ ರೂಢಿಯಿದೆ. ಹೋಗುವ ಮೊದಲು ತಾಲ್ಲೂಕಿನ ವೈದ್ಯರಿಂದ, ಏನು ಕೊಟ್ಟಾಗಿದೆ, ಯಾವಾಗ ಕೊಟ್ಟಾಗಿದೆ ಎಂಬ ಚೀಟಿ ಬರೆಸಿಕೊಂಡರೆ ಅಲ್ಲಿನವರು ಮೊದಲಿನಿಂದ ಶುರುಮಾಡಬೇಕಾಗಿಲ್ಲ. ಮರಳಿ ಬಂದ ಮೇಲೆ ಅಲ್ಲಿನ ಚೀಟಿಯನ್ನು ಇವರಿಗೆ ತೋರಿಸಿದರೆ ಮುಂದಿನ ದಿನಗಳ ಡ್ರೆಸಿಂಗ್, ಚುಚ್ಚುಮದ್ದು ಊರಲ್ಲೇ ನಡೆಯುತ್ತದೆ, ಇವರ ಅನುಭವವೂ ಬೆಳೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ರಾತ್ರಿಯದು. ಸಂಜೆಯ ಮೇಲೆ ಆಸ್ಪತ್ರೆಗೆ ಬೀಗ. ಹಾವು ಕಚ್ಚುವುದು, ನಾಯಿ ಮರಿ ಹಾಕಲಾಗದೆ ಒದ್ದಾಡುವುದು ಹೆಚ್ಚಾಗಿ ಆಮೇಲೆಯೇ. ಇದಕ್ಕೆ ಹೊಸ ಕಟ್ಟಡವೇನೂ ಬೇಡ. ಶಿಗ್ಗಾಂವಿ, ಸವಣೂರು ಒಂದಕ್ಕೊಂದು ಹತ್ತಿರದ ಊರುಗಳು. ಎರಡೂ ತಾಲ್ಲೂಕಿನ ವೈದ್ಯರು ಸರದಿಯ ಮೇಲೆ ರಾತ್ರಿ ಕರೆಗೆ ಸಿಗುವಂತೆ, ಅದಕ್ಕೆ ತಕ್ಕ ಭತ್ಯೆ ಕೊಟ್ಟು, ಆ ವಾರದ ಸರದಿಯವರ ಫೋನ್ ನಂಬರನ್ನು ಆಸ್ಪತ್ರೆಯ ಬಾಗಿಲಿಗೂ ಪುರಸಭೆಯ ಗೋಡೆಗೂ ಅಂಟಿಸಬಹುದು. ಹಾನಗಲ್ಲು, ಹಿರೇಕೆರೂರುಗಳಲ್ಲಿ ಹೋಬಳಿ ಚಿಕಿತ್ಸಾಲಯಗಳ ವೈದ್ಯರನ್ನೂ ಸೇರಿಸಿ ಇದೇ ಸರದಿ ಮಾಡಬಹುದು. ಬರೀ ನಾಯಿ ಸಾಕಿದವರು ಹೋಗಿ ಕೇಳಿದರೆ ಶೋಕಿಯವರು ಬಂದರೆಂದು ಸಾಗಹಾಕಬಹುದು. ಆದ್ದರಿಂದ ಹೋರಿ ಕಟ್ಟಿದವರನ್ನೂ ಹಾಲು ಉತ್ಪಾದಕರ ಸಂಘದವರನ್ನೂ ಜೊತೆಗೆ ಕರೆದುಕೊಂಡೇ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಬೇಕು; ನಡುರಾತ್ರಿ ಕರು ಅಡ್ಡಸಿಕ್ಕ ಎಮ್ಮೆಗೂ ಬೇಕಾದದ್ದು ಅದೇ ವೈದ್ಯರು, ಅದೇ ನಂಬರು.